ಹಾಸನದಿಂದ ಒಂದು ದಿನ: ಅತ್ತೆಗೂ ಮಕ್ಕಳಿಗೂ ಒಗ್ಗೋ ಜಾಗ ಯಾವುದು?

ನಮಸ್ಕಾರ. ದಸರಾ ರಜೆ ಬಂತು. ಹಾಸನದಲ್ಲಿ ಮನೆ ಇರೋರಿಗೆ ಜಾಗಗಳಿಗೇನೂ ಬರ ಇಲ್ಲ. ಪಶ್ಚಿಮಕ್ಕೆ ಹೊರಟ್ರೆ ಸಕಲೇಶಪುರ, ಈ ಕಡೆ ಶ್ರವಣಬೆಳಗೊಳ, ಬೇಲೂರು ದಾಟಿದ್ರೆ ಚಿಕ್ಕಮಗಳೂರು. ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಆದ್ರೆ ನಮ್ಮನೇಲಿ ಮಂಡಿನೋವಿರೋ ಅತ್ತೆ ಇದ್ದಾರೆ, ಘಾಟಿ ರಸ್ತೆ ಅಂದ್ರೆ ವಾಂತಿ ಮಾಡ್ಕೊಳ್ಳೋ ಮಗಳಿದ್ದಾಳೆ, ಒಂದು ಕಡೆ ನಿಲ್ಲದ ಮಗ ಇದ್ದಾನೆ. ಅದಕ್ಕೇ ನಾನು ಜಾಗ ಆರಿಸುವಾಗ ಒಂದೇ ಪ್ರಶ್ನೆ ಕೇಳ್ಕೊಳ್ತೀನಿ. ಅಲ್ಲಿ ಹೋದ್ಮೇಲೆ ಎಲ್ಲರೂ ಒಟ್ಟಿಗೆ ಒಂದಷ್ಟು ಹೊತ್ತು ಕೂತ್ಕೊಳ್ಳೋಕೆ ಆಗುತ್ತಾ?

ಮುಳ್ಳಯ್ಯನಗಿರಿ ವಿಷಯಕ್ಕೆ ಬರೋಣ. 1930 ಮೀಟರ್ ಎತ್ತರ, ನಮ್ಮ ರಾಜ್ಯದ ಅತಿ ಎತ್ತರದ ಶಿಖರ. ಚೆಂದಕ್ಕೆ ಎರಡು ಮಾತಿಲ್ಲ. ಆದ್ರೆ ಕಿರಿದಾದ ರಸ್ತೆ, ತಿರುವಿನ ಮೇಲೆ ತಿರುವು, ಗಾಡಿ ಇಳಿದ ಮೇಲೆ ಮೆಟ್ಟಿಲು ಬೇರೆ. ರಜೆ ದಿನಗಳಲ್ಲಿ ಗಾಡಿಗಳ ಸಾಲಲ್ಲೇ ಅರ್ಧ ದಿನ ಹೋಗುತ್ತೆ. ಈಗ ಆ ಗಿರಿಶ್ರೇಣಿಗೆ ಹೋಗೋಕೆ ಆನ್‌ಲೈನ್‌ನಲ್ಲಿ ಮೊದಲೇ ನೋಂದಣಿ ಮಾಡಿಸ್ಕೋಬೇಕು, ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿ ಇದೆ. ಬೆಟ್ಟದ ಒಳ್ಳೇದಕ್ಕೆ ಇದು ಆಗಲೇಬೇಕಿತ್ತು ಅಂತ ನನಗನಿಸುತ್ತೆ. ನೀವು ಗಂಡ ಹೆಂಡತಿ ಇಬ್ಬರೇ ಇದ್ರೆ ವಾರದ ಮಧ್ಯೆ ಹೋಗಿ ಬನ್ನಿ. ಅತ್ತೆನ ಕರ್ಕೊಂಡು ಮಾತ್ರ ನಾನು ಹೋಗಲ್ಲ.

ಶ್ರವಣಬೆಳಗೊಳದ ವಿಂಧ್ಯಗಿರಿಗೂ ಆರುನೂರಕ್ಕೆ ಮೇಲ್ಪಟ್ಟು ಮೆಟ್ಟಿಲು, ಅದೂ ಬರಿಗಾಲಲ್ಲಿ. ಬಿಸಿಲೇರಿದ್ರೆ ಬಂಡೆ ಸುಡುತ್ತೆ. ಹತ್ತೋಕಾಗದವರಿಗೆ ಡೋಲಿ ಸಿಗುತ್ತೆ. ಹೋಗೋದಾದ್ರೆ ಬೆಳಿಗ್ಗೆ ಬೇಗ ಹೋಗಿ.

ಈಗ ವಿಡಿಯೋದಲ್ಲಿ ಕಾಣ್ತಿರೋದು ಮಂಜರಾಬಾದ್ ಕೋಟೆ. ಮಂಗಳೂರು ಹೆದ್ದಾರಿಯಲ್ಲಿ ಸಕಲೇಶಪುರ ದಾಟಿ ಐದಾರು ಕಿಲೋಮೀಟರ್ ಹೋದ್ರೆ ಸಿಗುತ್ತೆ. 1792ರಲ್ಲಿ ಟಿಪ್ಪು ಸುಲ್ತಾನ್ ಕಾಲದಲ್ಲಿ ಮುಗಿದ ಕಟ್ಟಡ, ಮೇಲಿಂದ ನೋಡಿದ್ರೆ ಎಂಟು ಮೂಲೆಯ ನಕ್ಷತ್ರ. ನನ್ನ ಮಗ ಇಲ್ಲಿ ಒಂದೊಂದು ಮೂಲೆಗೂ ಓಡಿ ಎಣಿಸಿ ಬರ್ತಾನೆ. ಗೋಡೆ ಅಂಚಿಗೆ ಮಾತ್ರ ಬಿಡಬೇಡಿ. ಮಳೆ ನಿಂತು ತಿಂಗಳಾದ್ರೂ ಕಲ್ಲಿನ ಮೇಲೆ ಪಾಚಿ ಇರುತ್ತೆ, ಕಾಲು ಜಾರುತ್ತೆ. ಕಾಡಂಚಿನ ಹುಲ್ಲಲ್ಲಿ ಇಂಬಳ, ಅಂದ್ರೆ ರಕ್ತ ಹೀರೋ ಜಿಗಣೆನೂ ಇರುತ್ತೆ, ಹಾಗಾಗಿ ಉಪ್ಪಿನ ಪೊಟ್ಟಣ ನನ್ನ ಬ್ಯಾಗಲ್ಲಿ ಯಾವಾಗ್ಲೂ ಇರುತ್ತೆ.

ಸಕಲೇಶಪುರ, ಆಲೂರು, ಬೇಲೂರು ಕಡೆ ಇನ್ನೊಂದು ವಿಷಯ ಮನಸ್ಸಲ್ಲಿಟ್ಕೋಬೇಕು. ಇಲ್ಲಿ ಕಾಫಿ ತೋಟಗಳ ನಡುವೆನೇ ಆನೆಗಳು ಓಡಾಡ್ತವೆ. ಕತ್ತಲಾಗೋ ಮೊದಲು ದೊಡ್ಡ ರಸ್ತೆಗೆ ಬಂದುಬಿಡಿ. ತೋಟದೊಳಗಿನ ಹೋಂಸ್ಟೇಯಲ್ಲಿ ಉಳ್ಕೊಳ್ಳೋದಾದ್ರೆ ಫೋನಲ್ಲೇ ಕೇಳಿ, ಕಾರು ಮನೆ ಬಾಗಿಲ ತನಕ ಬರುತ್ತಾ, ಇಲ್ಲ ಕೊನೆಯ ದಾರಿಗೆ ಜೀಪ್ ಬೇಕಾ ಅಂತ. ಫೋಟೋ ನೋಡಿ ಯಾರೂ ಇದನ್ನ ಕಂಡುಹಿಡಿಯೋಕಾಗಲ್ಲ.

ಹತ್ತಿರದಲ್ಲೇ ಸಾಕು ಅನ್ನೋರಿಗೆ ಗೊರೂರು ಇದೆ. ಹೇಮಾವತಿ ಹಿನ್ನೀರಲ್ಲಿ ಶೆಟ್ಟಿಹಳ್ಳಿಯ ಹಳೇ ಚರ್ಚ್ ದಸರಾ ಹೊತ್ತಿಗೆ ನೀರಲ್ಲಿ ನಿಂತಿರುತ್ತೆ, ಬೇಸಿಗೆಯಲ್ಲಿ ನೀರಿಳಿದಾಗ ಹತ್ತಿರ ಹೋಗಬಹುದು. ಗೋಡೆಗಳು ಶಿಥಿಲ ಆಗಿವೆ, ಮಕ್ಕಳನ್ನ ಕೆಳಗೆ ನಿಲ್ಲಿಸಬೇಡಿ. ಅಲ್ಲಿ ನೆರಳು ಕಡಿಮೆ ಅನ್ನೋದೊಂದೇ ನನ್ನ ತಕರಾರು.

ಈ ಸಲ ನಾವು ಆರಿಸಿದ್ದು ಅಯ್ಯನಕೆರೆ. ಚಿಕ್ಕಮಗಳೂರಿಂದ ಕಡೂರು ಕಡೆ ಹೋಗೋವಾಗ ಸಖರಾಯಪಟ್ಟಣದ ಹತ್ತಿರ. ಘಾಟಿ ಹತ್ತೋದೇ ಬೇಡ, ಮಗಳಿಗೆ ಅರ್ಧ ಕಷ್ಟ ಅಲ್ಲೇ ಕಳೀತು. ಆದ್ರೂ ಅವಳನ್ನ ಕಿಟಕಿ ಪಕ್ಕ ಕೂರಿಸಿ ಮೊಬೈಲ್ ಕೊಡಲ್ಲ. ಕಣ್ಣು ಅಲ್ಲಾಡದ ಪರದೆ ನೋಡ್ತಿರುತ್ತೆ, ಒಳಗಿವಿ ಮಾತ್ರ ಗಾಡಿ ತಿರುಗೋದನ್ನ ಹೇಳ್ತಾ ಇರುತ್ತೆ, ಆ ಗಲಿಬಿಲಿಗೇ ಹೊಟ್ಟೆ ತೊಳಸೋದು. ದೂರದ ಗುಡ್ಡ ನೋಡಮ್ಮ ಅಂದ್ರೆ ಎಷ್ಟೋ ಮೇಲು.

ನೋಡಿ, ಇದೇ ಏರಿ. ಈ ಕಡೆ ನೀರು, ಆಚೆ ದಡದಲ್ಲಿ ಗೋಪುರದ ಹಾಗೆ ಎದ್ದ ಶಕುನಗಿರಿ. ಹೊಯ್ಸಳರ ಕಾಲದಲ್ಲೇ ಜೀರ್ಣೋದ್ಧಾರ ಆದ ಕೆರೆ ಇದು, ಇವತ್ತಿಗೂ ಕೆಳಗಿನ ಗದ್ದೆ ತೋಟಗಳಿಗೆ ಇದರದೇ ನೀರು. ಅತ್ತೆ ಏರಿ ಮೇಲೆ ಚಾಪೆ ಹಾಸಿಸ್ಕೊಂಡು ಕಾಲು ಚಾಚಿದ್ರು. ತೂಬು ಎಲ್ಲಿದೆ, ಕೋಡಿ ಎಲ್ಲಿ ಬೀಳುತ್ತೆ ಅಂತ ಮೊಮ್ಮಗನಿಗೆ ಅವರೇ ತೋರಿಸಿದ್ರು. ತೂಬು ಎತ್ತಿದ್ರೆ ನೀರು ಕಾಲುವೆಗೆ ಇಳಿಯುತ್ತೆ, ಕೆರೆ ತುಂಬಿ ಹೆಚ್ಚಾಗಿದ್ದು ಕೋಡಿ ಮೇಲೆ ಹೋಗುತ್ತೆ ಅಂತ ಅವನಿಗೆ ಮಣ್ಣಲ್ಲಿ ಕಡ್ಡಿಯಿಂದ ಗೀಚಿ ಹೇಳಿದ್ರು. ಅವನು ಕಾಲುವೆ ಪೂರ್ತಿ ತಾನೇ ತೋಡಿದ, ನೀರಿನ ಬಾಟಲ್ ಖಾಲಿ ಮಾಡಿದ. ಆ ಹೊತ್ತು ಅವನು ಎಲ್ಲಿಗೂ ಓಡಲಿಲ್ಲ.

ಬುತ್ತಿಗೆ ಪುಳಿಯೋಗರೆ, ಮೊಸರನ್ನ. ದಾರೀಲಿ ಹೋಟೆಲ್ ಹುಡುಕೋ ಹೊತ್ತು ಉಳೀತು. ನೀವು ಹೋದ್ರೆ ಎಲೆ, ಪ್ಲಾಸ್ಟಿಕ್ ಎಲ್ಲ ವಾಪಸ್ ತನ್ನಿ, ಈ ನೀರು ಊರವರ ಬೆಳೆಗೆ ಹೋಗುತ್ತೆ. ಈಜು ಬರುತ್ತೆ ಅಂತ ಯಾರೂ ಕೆರೆಗೆ ಇಳಿಯಬೇಡಿ. ಕೋಡಿ ಬಿದ್ದಿರೋ ದಿನ ಆ ತುದಿಗೆ ಮಕ್ಕಳ ಕೈ ಹಿಡಿದೇ ಹೋಗಿ, ಅಲ್ಲಿ ನೀರಿನ ಸೆಳೆತ ಜೋರಿರುತ್ತೆ.