ಕಾಲ ಯಾವತ್ತು ಸರಿ ಇತ್ತು ಮಾರಾಯ್ರೆ?

ನಮಸ್ಕಾರ, ಎಲ್ಲರಿಗೂ ಸ್ತೋತ್ರ. ಇವತ್ತು ಹಳೇ ಕ್ರಿಸ್ಮಸ್ ಹಾಡುಗಳ ಬಗ್ಗೆ ಮಾತಾಡುವ ಅಂತ ಇತ್ತು. ನಾಲ್ಕು ಪುಟ ಬರೆದೂ ಆಗಿತ್ತು. ಅದನ್ನು ಆಚೆ ಇಟ್ಟೆ. ಕಳೆದ ವಾರದ ವಿಡಿಯೋದ ಕೆಳಗೆ ಒಬ್ಬರು ಒಂದು ಸಾಲು ಬರೆದಿದ್ದಾರೆ. ಮೂರು ದಿನದಿಂದ ಅದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ. ಅನ್ನದ ಉಂಡೆ ನುಂಗಿದರೂ ಹೋಗುವುದಿಲ್ಲ, ಬಾಳೆಹಣ್ಣು ನುಂಗಿದರೂ ಹೋಗುವುದಿಲ್ಲ.

ಸಾಲು ಇದು: "ಬ್ರದರ್, ಒಳ್ಳೆ ಮೆಸೇಜ್. ಆದ್ರೆ ಇದನ್ನೆಲ್ಲ ಹೀಗೆ ಓಪನ್ ಆಗಿ ಹೇಳ್ಬೇಡಿ. ಕಾಲ ಸರಿ ಇಲ್ಲ."

ಹೊರಗಿನವರು ಬೈದಿದ್ದರೆ ನನಗೆ ಎಂತ ಬೇಜಾರೂ ಇಲ್ಲ. ಅವರಿಗೆ ಹೊತ್ತು ಹೋಗಬೇಕಲ್ಲ. ಇದು ನಮ್ಮವರೇ. ಆದಿತ್ಯವಾರ ಬೆಳಿಗ್ಗೆ ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಮೂರನೇ ಬೆಂಚಲ್ಲಿ ಕೂರುವವರು. ಡಿಪಿ ನೋಡಿದೆ. ಬಾಯಿ ಕಳೆದು ಗರ್ಜಿಸುವ ಸಿಂಹ, ಕೆಳಗೆ 'ಯೂದಕುಲದ ಸಿಂಹ' ಅಂತ ಬಂಗಾರದ ಅಕ್ಷರ, ಬೈಬಲಿನಲ್ಲಿ ಯೇಸುವಿಗಿರುವ ಹೆಸರು. ಡಿಪಿಯಲ್ಲಿ ಸಿಂಹ, ಕಮೆಂಟಲ್ಲಿ ಪುಚ್ಚೆ, ಅಂದ್ರೆ ಬೆಕ್ಕು!

ಕ್ರಿಸ್ತನನ್ನು ನಂಬಿದ್ದೇನೆ ಅಂತ ಬಾಯಿಬಿಟ್ಟು ಹೇಳ್ಲಿಕ್ಕೆ ಕಾಲ ಸರಿ ಇಲ್ಲ ಅಂತೆ. ಕಾಲ ಯಾವತ್ತು ಸರಿ ಇತ್ತು ಮಾರಾಯ್ರೆ? ಒಂದು ತಾರೀಕು ಹೇಳಿ. ಆ ತಾರೀಕಿಗೆ ನಾನೂ ಒಂದು ಟಿಕೆಟ್ ಮಾಡಿಸ್ತೇನೆ.

ನಮ್ಮ ಊರಿನದ್ದೇ ತಕೊಳ್ಳುವ. ಮಂಗಳೂರು, 1844, ಜನವರಿ. ಅದಕ್ಕೆ ಆರು ತಿಂಗಳ ಹಿಂದೆ ಸ್ವಿಟ್ಜರ್ಲ್ಯಾಂಡಿನ ಬಾಸೆಲ್ ಊರಿನ ಪ್ರೊಟೆಸ್ಟಂಟ್ ಮಿಶನಿನ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಅವರು 'ಮಂಗಳೂರ ಸಮಾಚಾರ' ಶುರು ಮಾಡಿದ್ದರು, ಕನ್ನಡದ ಮೊದಲ ಪತ್ರಿಕೆ. ಅದನ್ನು ಎಲ್ಲರೂ ಹೇಳ್ತಾರೆ, ಜುಲೈ 1 ಬಂದ್ರೆ ಪತ್ರಿಕಾ ದಿನ ಅಂತ ಭಾಷಣವೂ ಆಗ್ತದೆ. ಅದೇ ಮೋಗ್ಲಿಂಗ್ ಹತ್ತಿರ ಓದುತ್ತಿದ್ದ ಒಬ್ಬ ಸಾರಸ್ವತ ಬ್ರಾಹ್ಮಣರ ಹುಡುಗನ ಬಗ್ಗೆ ಮಾತ್ರ ಯಾರೂ ಭಾಷಣ ಮಾಡುವುದಿಲ್ಲ. ಆನಂದರಾವ್ ಕೌಂಡಿನ್ಯ. ಹದಿನೆಂಟು ವರ್ಷ. ಆಗಲೇ ಮದುವೆಯಾಗಿತ್ತು. ಆ ಜನವರಿಯಲ್ಲಿ ಇನ್ನಿಬ್ಬರ ಜೊತೆ ದೀಕ್ಷಾಸ್ನಾನ ತಕೊಂಡ, ಅಂದ್ರೆ ಕ್ರೈಸ್ತನಾದ. ಗುರುವಿನ ಹೆಸರನ್ನೂ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯ ಆದ.

ಆವಾಗ ಕಾಲ ಸರಿ ಇತ್ತಾ? ಊರಿಡೀ ಗುಲ್ಲು. ಹೆತ್ತವರ ಪಾಲಿಗೆ ಮಗ ಬದುಕಿದ್ದೂ ಸತ್ತ ಹಾಗೆ. ಹೆಂಡತಿ ಅವನ ಜೊತೆ ಬರಲಿಲ್ಲ, ಕೊನೆಗೂ ಬರಲಿಲ್ಲ. "ಆ ಹುಡುಗಿಗೆ ಆದದ್ದು ಎಂತ ಅಂತ ಯಾರಾದ್ರೂ ಕೇಳಿದ್ದೀರಾ?" ಅಂತ ನನ್ನ ಹೆಂಡತಿ ಕೇಳ್ತಾಳೆ. ಕೇಳಬೇಕಾದ ಪ್ರಶ್ನೆಯೇ. ನನ್ನ ಹತ್ತಿರ ಉತ್ತರ ಇಲ್ಲ. ಮುಂದೆ ಹೋಗುವ.

ಈಗ ಯಾರೋ ಒಬ್ಬರು ಬರೀಲಿಕ್ಕೆ ಶುರು ಮಾಡಿರ್ತಾರೆ, "ಬ್ರದರ್, ಅವನ ಬೆನ್ನಿಗೆ ಬ್ರಿಟಿಷರಿದ್ರು" ಅಂತ. ಬೆರಳು ತೆಗೀರಿ. ಮತ ಬಿಟ್ಟವನಿಗೆ ಆಸ್ತಿ ಹಕ್ಕು ತಪ್ಪಬಾರದು ಅಂತ ಈಸ್ಟ್ ಇಂಡಿಯಾ ಕಂಪನಿಯವರು ದೇಶಕ್ಕೆಲ್ಲ ಅನ್ವಯ ಆಗುವ ಕಾಯಿದೆ ತಂದದ್ದು 1850ರಲ್ಲಿ. ಈ ಹುಡುಗ ಮನೆ ಬಿಟ್ಟದ್ದು ಅದಕ್ಕೆ ಆರು ವರ್ಷ ಮೊದಲು. ಅವನು "ಇನ್ನು ಆರು ವರ್ಷ ಸುಮ್ಮನಿರುವ, ಕಾಯಿದೆ ಬರ್ಲಿ, ಕಾಲ ಸರಿ ಆಗ್ಲಿ" ಅಂತ ಕೂತನಾ? ಕೂರಲಿಲ್ಲ. ಬಾಸೆಲಿಗೆ ಹೋಗಿ ಓದಿ 1851ಕ್ಕೆ ಪಾದ್ರಿಯಾಗಿಯೇ ವಾಪಸ್ ಬಂದ. ಎಲ್ಲಿಗೆ? ಇದೇ ಊರಿಗೆ. ಬೆನ್ನು ತಿರುಗಿಸಿದವರ ಬೀದಿಯಲ್ಲೇ ನಡೆದಾಡಲಿಕ್ಕೆ.

ಅವನು ಓದಿದವನು, ದೊಡ್ಡ ಮನೆಯವನು ಅಂತೀರಾ? ಸರಿ. ಇದನ್ನು ನೋಡಿ. ಕ್ಯಾಮೆರಾಕ್ಕೆ ಹತ್ತಿರ ಹಿಡೀತೇನೆ, ಫೋಕಸ್ ಆಗ್ಲಿ. ಆಯ್ತು.

ಹಂಚು. ನಮ್ಮ ಹಳೇ ಮನೆ ಬಿಚ್ಚುವಾಗ ಉಳಿಸಿಕೊಂಡದ್ದು. ಒಂದು ಮೂಲೆ ಹೋಗಿದೆ, ಮೇಲೆ ಪಾಚಿ ಒಣಗಿ ಕಪ್ಪಾಗಿದೆ, ಅಡಿಯಲ್ಲಿ ಇನ್ನೂ ಕೆಂಪು. ಬೆರಳಾಡಿಸಿದರೆ ಅಕ್ಷರ ಸಿಕ್ತದೆ: ಬಾಸೆಲ್ ಮಿಶನ್, 1865. ಅದು ಈ ಹಂಚು ಸುಟ್ಟ ವರ್ಷ ಅಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಮಿಶನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಪ್ಲೆಬ್ಸ್ಟ್ ಅಂತ ಒಬ್ಬ ಜರ್ಮನ್, ನೇತ್ರಾವತಿ ದಂಡೆಯ ಜೇಡಿಮಣ್ಣು. 'ಮಂಗಳೂರು ಹಂಚು' ಅಂತ ದೇಶ ದೇಶಕ್ಕೆ ಹೋಯ್ತು. ಎಲ್ಲರಿಗೂ ಗೊತ್ತುಂಟು. ಮಿಶನಿನವರಿಗೆ ಹಂಚಿನ ಉಸಾಬರಿ ಯಾಕೆ ಬೇಕಿತ್ತು ಅಂತ ಕೇಳಿದ್ದೀರಾ?

ದೀಕ್ಷಾಸ್ನಾನ ಆದ ಮರುದಿನ ನಮ್ಮ ಹಿರಿಯರಿಗೆ ಕೆಲಸ ಇರಲಿಲ್ಲ, ಅದಕ್ಕೆ. ಶೇಂದಿ ಇಳಿಸುವವರು ಸಭೆಗೆ, ಅಂದ್ರೆ ಚರ್ಚಿಗೆ, ಬಂದ್ರೆ ಆ ಕಸುಬು ಬಿಡಬೇಕು, ಮಿಶನಿನ ನಿಯಮ. ಗೇಣಿಗೆ ಗದ್ದೆ ಮಾಡುತ್ತಿದ್ದವನಿಗೆ ಧಣಿಗಳು "ನಾಳೆಯಿಂದ ಬರುವುದು ಬೇಡ" ಅಂದ್ರೆ ಮುಗೀತು. ಬಾವಿಯೂ ಇಲ್ಲ, ಬಂಧುಗಳೂ ಇಲ್ಲ. ಹಾಗೆ ಕೆಲಸ ಕಳಕೊಂಡವರಿಗೆ ಅನ್ನ ಹುಟ್ಟಬೇಕು ಅಂತ ಮೊದಲು ಅಚ್ಚುಕೂಟ, ಮತ್ತೆ ನೇಯ್ಗೆ, ಆಮೇಲೆ ಹಂಚು. ಅಂದ್ರೆ ಈ ಹಂಚು ಎಂತದು? "ಕಾಲ ಸರಿ ಇಲ್ಲ, ಆದ್ರೂ ಬರ್ತೇನೆ" ಅಂತ ಹೇಳಿದವರ ಹೊಟ್ಟೆಪಾಡು. ಸಿಂಹದ ಡಿಪಿಯವರೇ, ನೀವು ಆ ಕಮೆಂಟ್ ಟೈಪ್ ಮಾಡುವಾಗ ಮೇಲೆ ಒಮ್ಮೆ ನೋಡಬೇಕಿತ್ತು. ಹಂಚಿನ ಮನೆಯಾದ್ರೆ.

ಇನ್ನೊಂದು ಪಾರ್ಟಿ ಉಂಟು, "ಮತ ಬದಲಿಸಿದ್ದಕ್ಕೆ ಎಷ್ಟು ಮೂಟೆ ಅಕ್ಕಿ ಸಿಕ್ಕಿತು?" ಅಂತ ಕೇಳುವವರು. ಪ್ರತಿ ವಿಡಿಯೋದ ಕೆಳಗೆ ಖಾಯಂ ಗಿರಾಕಿಗಳು. ಮಾರಾಯ್ರೆ, ನನಗೆ ಇನ್ನೂ ಬಂದಿಲ್ಲ. ಮೂಟೆ ಎಲ್ಲಿ ಕೊಡ್ತಾರೆ ಅಂತ ವಿಳಾಸ ಹಾಕಿ, ಕುಚ್ಚಲಕ್ಕಿಯಾದ್ರೆ ಎರಡು ತರ್ತೇನೆ. ಗದ್ದೆ ಹೋದವನಿಗೆ ಅಕ್ಕಿ ಸಿಕ್ಕಿತು ಅಂತೆ! ಲೆಕ್ಕ ಬರುವವರು ಯಾರಾದ್ರೂ ಅವರಿಗೆ ಹೇಳಿಕೊಡಿ.

ಅಕ್ಕಿ ಅಂದಾಗ ನೆನಪಾಯ್ತು. ನನ್ನ ಹೆಂಡತಿ ಈ ಸಲ ಕುಸ್ವಾರ್, ಅಂದ್ರೆ ಕ್ರಿಸ್ಮಸ್ ತಿಂಡಿ, ಮಾಡ್ತಾಳೆ. ನೇವ್ರಿ, ಕಿಡಿಯೊ, ಗುಳಿಯೊ, ಎಲ್ಲ ಮನೆಯದ್ದೇ ತೆಂಗಿನಕಾಯಿ. ನವೆಂಬರ್ ಕೊನೆಯೊಳಗೆ ಹೇಳಿದವರಿಗೆ ಮಾತ್ರ. ಕಳೆದ ವರ್ಷ ಡಿಸೆಂಬರ್ 23ಕ್ಕೆ ಫೋನ್ ಮಾಡಿದವರ ಮೇಲೆ ಅವಳಿಗೆ ಇನ್ನೂ ಸಿಟ್ಟು ಇಳಿದಿಲ್ಲ. ಅವಳು ಕೆಥೋಲಿಕ್ ಮನೆಯವಳು, ನಾನು ಬಾಸೆಲ್ ಮಿಶನ್. ನಮ್ಮ ಮದುವೆಗೆ ವಿರೋಧ ಮಾಡಿದವರು ಯಾರು ಗೊತ್ತುಂಟಾ? ಬೇರೆ ಧರ್ಮದವರು ಒಬ್ಬರೂ ಅಲ್ಲ. ಎರಡು ಚರ್ಚಿನ ಅಂಕಲ್‌ಗಳು! ಅವರೂ ಅದನ್ನೇ ಹೇಳಿದ್ದು, "ಕಾಲ ಸರಿ ಇಲ್ಲ, ಸ್ವಲ್ಪ ಕಾಯಿರಿ." ಕಾಯ್ತಾ ಇದ್ದಿದ್ರೆ ನಿಮಗೆ ಕುಸ್ವಾರ್ ಸಿಗ್ತಿರಲಿಲ್ಲ.

ಅವಳ ಕಡೆಯವರ ಕಥೆಯೂ ಹಾಗೇ. 1784ರಲ್ಲಿ ಟಿಪ್ಪು ಕಾಲಕ್ಕೆ ಕರಾವಳಿಯ ಕೆಥೋಲಿಕರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಬದುಕಿ ಉಳಿದವರು ತಿರುಗಿ ಬಂದದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ. ಬಂದು ನೋಡಿದ್ರೆ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ, ಅಂದ್ರೆ ಅವರ ಚರ್ಚ್, ಅದೇ ಇಲ್ಲ. ಪುನಃ ಕಟ್ಟಿದರು. ಈ ಕಥೆಯನ್ನು ಎರಡೂ ಕಡೆಯ ರಾಜಕೀಯದವರು ಚುನಾವಣೆಗೊಮ್ಮೆ ಧೂಳು ಹೊಡೆದು ತೆಗೀತಾರೆ. ಅವರ ಜಗಳ ಅವರಿಗಿರ್ಲಿ. ನನಗೆ ಬೇಕಾದದ್ದು ಇಷ್ಟೇ: ಹದಿನೈದು ವರ್ಷ ಕಾಲ ಸರಿ ಇರಲಿಲ್ಲ. ಬಂದವರು ಮೊದಲು ಕೈ ಹಾಕಿದ್ದು ಕಲ್ಲಿಗೆ.

ಅದೇ ಮಿಲಾಗ್ರಿಸ್ ಹತ್ತಿರದ ಅಡೋರೇಶನ್ ಮೊನಾಸ್ಟರಿಗೆ, ಅಂದ್ರೆ ಕನ್ಯಾಸ್ತ್ರೀಯರ ಮಠಕ್ಕೆ, ಜನ ನುಗ್ಗಿ ದಾಳಿ ಮಾಡಿದ್ದು 2008ರ ಸೆಪ್ಟೆಂಬರ್ 14, ಆದಿತ್ಯವಾರ. ಆವಾಗ ನಾನು ಕಾಲೇಜು. ಊರಲ್ಲಿ ನಿಷೇಧಾಜ್ಞೆ, ಬಸ್ಸಿಲ್ಲ, ಮನೆಯಲ್ಲಿ ಟಿವಿ ಮಾತ್ರ. ಮುಂದಿನ ಆದಿತ್ಯವಾರ ನಮ್ಮ ಅಜ್ಜಿ ಬಿಳಿ ಸೀರೆ ಉಟ್ಟು ಹೊರಟರು. ಅವರ ಸತ್ಯವೇದ, ಅಂದ್ರೆ ಬೈಬಲ್, ಯಾವಾಗಲೂ ಒಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಲ್ಲೇ ಇರುವುದು, ಮಳೆಗೆ ಒದ್ದೆ ಆಗಬಾರದು ಅಂತ. ಅವತ್ತು ಬರಿಗೈಯಲ್ಲಿ ಹಿಡಿದಿದ್ದರು. ಕಪ್ಪು ರಟ್ಟು, ಬದಿಯಲ್ಲಿ ಕೆಂಪು, ದೂರಕ್ಕೇ ಗೊತ್ತಾಗ್ತದೆ. ಅಪ್ಪ ಗೇಟಿನ ಹತ್ತಿರ ನಿಂತು ಮೆಲ್ಲಗೆ, "ಅಮ್ಮಾ, ಕವರಿಗೆ ಹಾಕಿ" ಅಂದರು. ಅಜ್ಜಿ ಆಕಾಶ ನೋಡಿದರು.

"ಮಳೆ ಇಲ್ಲವಲ್ಲ ಮಗಾ, ಕವರ್ ಯಾಕೆ?"

ಅಷ್ಟೇ ಹೇಳಿದ್ದು. ದಾರಿ ಉದ್ದಕ್ಕೂ ಅವರ ಕೈ ನಡುಗ್ತಿತ್ತು. ನಾನು ಪಕ್ಕದಲ್ಲೇ ಇದ್ದೆ, ನೋಡಿದ್ದೇನೆ. ಪ್ರಾಯಕ್ಕೆ ನಡುಗುವುದು ಅಂತ ಅವರು ಹೇಳಿದರು. ಹಿಂದಿನ ವಾರ ಆ ಕೈ ನಡುಗ್ತಿರಲಿಲ್ಲ.

ಈಗ ನನ್ನ ಮಾನ ನಾನೇ ತೆಗೀತೇನೆ. ಆ ಅಜ್ಜಿಯ ಮೊಮ್ಮಗ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ. ಮೊದಲ ದಿನ ಕ್ಯಾಂಟೀನ್. ಎಂಟು ಜನ ಮೇಜಿನ ಸುತ್ತ. ಊಟದ ಮೊದಲು ಕಣ್ಣು ಮುಚ್ಚುವ ಅಭ್ಯಾಸ. ನಾನು ಎಂತ ಮಾಡಿದೆ ಗೊತ್ತುಂಟಾ? ತಲೆನೋವು ಬಂದವನ ಹಾಗೆ ಹಣೆ ಉಜ್ಜುತ್ತಾ ಪ್ರಾರ್ಥನೆ ಮುಗಿಸಿದೆ. ಪಕ್ಕದವನು ಪಾಪ, ಒಂದು ಕ್ರೋಸಿನ್ ಕೊಟ್ಟ. ಆರು ತಿಂಗಳು ಹೀಗೇ. ಆ ಆಫೀಸಿನಲ್ಲಿ ನನಗೆ ಮೈಗ್ರೇನ್ ಉಂಟು ಅಂತ ಈಗಲೂ ನಂಬಿದ್ದಾರೆ.

ಯಾರು ಹೆದರಿಸಿದ್ದು ನನ್ನನ್ನು? ಯಾರೂ ಇಲ್ಲ! ಕಲ್ಲಿಲ್ಲ, ದೊಣ್ಣೆ ಇಲ್ಲ. ಯೇಸುವನ್ನು ಹಿಡಿದ ರಾತ್ರಿ ಶಿಷ್ಯ ಪೇತ್ರನಿಗೂ ಹಾಗೇ ಅಲ್ವಾ? ಸೈನಿಕ ಕತ್ತಿ ಹಿಡಿದು ಕೇಳಿದ್ದಲ್ಲ. ಮಹಾಯಾಜಕನ ಮನೆ ಅಂಗಳ, ಚಳಿ, ಇದ್ದಲಿನ ಬೆಂಕಿ, ಕೆಲಸದ ಒಬ್ಬ ಹುಡುಗಿ. "ನೀನೂ ಅವನ ಜೊತೆಗಿದ್ದವನಲ್ವಾ?" ಅಷ್ಟಕ್ಕೇ ಬೆವರು. ಇಲ್ಲ ಅಂದ. ಕೊನೆಗೆ ಅಲ್ಲಿದ್ದವರು, "ನಿನ್ನ ಮಾತೇ ಹೇಳ್ತದಲ್ಲ ನೀನು ಎಲ್ಲಿಯವ ಅಂತ" ಅಂದರು. ಯೇಸುವಿನ ಸೀಮೆ ಗಲಿಲಾಯದ ಉಚ್ಚಾರ! ನಮ್ಮವರ ಹಾಗೇ. ಮಂಗಳೂರಿನವ ಮೆಜೆಸ್ಟಿಕ್ಕಿನಲ್ಲಿ ಬಾಯಿ ಬಿಟ್ಟು "ಬಸ್ಸುಂಟಾ?" ಅಂದ್ರೆ ಸಾಕು, ಊರು, ತಾಲೂಕು ಎಲ್ಲ ಗೊತ್ತಾಗ್ತದೆ. ಅಡಗಲಿಕ್ಕೆ ಆಗುವುದಿಲ್ಲ ಮಾರಾಯ್ರೆ. ಹಣೆ ಎಷ್ಟು ಉಜ್ಜಿದರೂ ಆಗುವುದಿಲ್ಲ.

ಈಗ ಸತ್ಯವೇದ ಬಲ್ಲವರು ಬರ್ತಾರೆ. "ಯೆಹೂದ್ಯರ ಹಿರಿಯ ನಿಕೊದೇಮ ಯೇಸುವಿನ ಹತ್ತಿರ ರಾತ್ರಿಯಲ್ಲಿ ಬರಲಿಲ್ವಾ? ಗುಟ್ಟಾಗಿ ನಂಬಿದರೆ ತಪ್ಪೇನು?" ಬಂದ ಸ್ವಾಮಿ, ರಾತ್ರಿಯಲ್ಲಿ ಬಂದ. ಆದ್ರೆ ಬಂದ! ನೀವು ರಾತ್ರಿಯೂ ಬರುವುದಿಲ್ಲ, ಕಮೆಂಟ್ ಹಾಕಿ ಮಲಗ್ತೀರಿ. ಅಲ್ಲಿಗೆ ಓದು ನಿಲ್ಲಿಸಬೇಡಿ, ಯೋಹಾನನ ಸುವಾರ್ತೆಯ ಹತ್ತೊಂಬತ್ತನೇ ಅಧ್ಯಾಯಕ್ಕೆ ಬನ್ನಿ. ಯೇಸುವನ್ನು ಶಿಲುಬೆಗೆ ಹಾಕಿ ಆಗಿದೆ. ಜೊತೆಗೇ ತಿರುಗಿದ ಹನ್ನೆರಡು ಮಂದಿಯಲ್ಲಿ ಹೆಚ್ಚಿನವರ ಸುಳಿವಿಲ್ಲ. ಆವಾಗ ಯಾರು ಬಂದದ್ದು? ಹೆದರಿ ಗುಟ್ಟಾಗಿದ್ದ ಅರಿಮಥಾಯದ ಯೋಸೇಫ, ರೋಮಿನ ಅಧಿಪತಿ ಪಿಲಾತನ ಹತ್ತಿರವೇ ಹೋಗಿ ದೇಹ ಕೇಳಿದ. ಜೊತೆಗೆ ಈ ನಿಕೊದೇಮ, ರಕ್ತಬೋಳ ಅಗರು ಹೊತ್ತುಕೊಂಡು. ಎಷ್ಟು? ಈಗಿನ ಲೆಕ್ಕಕ್ಕೆ ಸುಮಾರು ಮೂವತ್ತಮೂರು ಕಿಲೋ. ಮೂವತ್ತಮೂರು ಕಿಲೋ ಸುಗಂಧ ದ್ರವ್ಯ ಹೊತ್ತುಕೊಂಡು ಯಾರಿಗೂ ಗೊತ್ತಾಗದ ಹಾಗೆ ಹೋಗ್ಲಿಕ್ಕೆ ಆಗ್ತದಾ? ಮೂಗು ಕಟ್ಟಿದವನಿಗೂ ಗೊತ್ತಾಗ್ತದೆ! ಆ ದಿನಕ್ಕಿಂತ ಕೆಟ್ಟ ಕಾಲ ಇನ್ನೊಂದುಂಟಾ?

ಅವನು ನಮ್ಮ ರಾಜ್ಯದಲ್ಲಿ ಹುಟ್ಟಿದ್ದರೆ ಇನ್ನೂ ಚಂದ. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಬರೆದು ಕೊಡಬೇಕು ಅಂತ 2022ರಲ್ಲಿ ಕಾಯಿದೆ ಬಂತು, 2023ರಲ್ಲಿ ಅದನ್ನು ತೆಗೆಯುವ ಅಂತ ಮುಂದಿನ ಸರ್ಕಾರದ ಸಂಪುಟ ತೀರ್ಮಾನ ಮಾಡಿತು. ನಿಕೊದೇಮ ರಾತ್ರಿ ಬರುವ ಮೊದಲು ಹಗಲು ಡಿ.ಸಿ. ಆಫೀಸಿನ ಕ್ಯೂ ನಿಲ್ಲಬೇಕಿತ್ತು. ಫೋಟೋ, ಸಹಿ, ಊಟದ ಹೊತ್ತು, ನಾಳೆ ಬನ್ನಿ.

ಇನ್ನೂ ಎರಡು ಪಾಯಿಂಟ್ ಬರೆದುಕೊಂಡಿದ್ದೆ, ಕಾಗದ ಎಲ್ಲಿ ಹೋಯ್ತು ಗೊತ್ತಿಲ್ಲ. ಇರ್ಲಿ. ಕಾಲ ಸರಿ ಇಲ್ಲ ಅಂತೆ! ಕಾಲ ಎಂತ, ಹಳೇ ಸ್ಕೂಟರಾ, ಗ್ಯಾರೇಜಿಗೆ ಬಿಟ್ಟು ಸಂಜೆ ಸರಿಯಾಗಿ ತರ್ಲಿಕ್ಕೆ? ಲೈಕ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ, ಇಷ್ಟ ಆಗದಿದ್ರೂ ಮಾಡಿ. ಗುಟ್ಟಾಗಿ ನೋಡುವ ಶಿಷ್ಯರು ತುಂಬ ಜನ ಉಂಟು ಅಂತ ಯೂಟ್ಯೂಬ್ ಲೆಕ್ಕ ಹೇಳ್ತದೆ.

ಮತ್ತೆ, ನನ್ನ ಹಿಂದಿನ ಗೋಡೆಯಲ್ಲಿ ಆ ಮೊಳೆ ಖಾಲಿ ಇರುವುದು ಯಾಕೆ ಅಂತ ಯಾರೂ ಕೇಳಬೇಡಿ. ಸರಿ, ಕೇಳ್ತೀರಿ. ಅಲ್ಲಿ ಬೈಬಲ್ ವಚನದ ಕ್ಯಾಲೆಂಡರ್ ಇತ್ತು. ಕಳೆದ ತಿಂಗಳು ಒಂದು ಕಂಪನಿಯವರು ಚಾನೆಲ್ಲಿಗೆ ಜಾಹೀರಾತು ಕೊಡುವ ಮಾತಿಗೆ ಬರ್ತಾರೆ ಅಂತ ನಾನೇ ತೆಗೆದು ಕಪಾಟಿನ ಮೇಲೆ ಇಟ್ಟೆ. ಅವರು ಬರಲೂ ಇಲ್ಲ. ಅದು ಬೇರೆ ವಿಷಯ ಮಾರಾಯ್ರೆ, ಅದು ಧೂಳು ಹೊಡೆಯಲಿಕ್ಕೆ ತೆಗೆದದ್ದು ಅಂತ ಇಟ್ಟುಕೊಳ್ಳಿ. ಒಂದು ನಿಮಿಷ, ಸ್ಟೂಲ್ ಎಲ್ಲುಂಟು ನೋಡ್ತೇನೆ.