ಎಕ್ಸ್‌ರೇ ಡಾಕ್ಟರ್ ಬರೆದ ಮುಂಬೈ

“ಚಿತ್ರ ಬರೆಯೋಕೆ ಕೆಲಸ ಬಿಡಲೇಬೇಕಾ?” ಕಲಾವಿದರ ಬಗ್ಗೆ ವಿಡಿಯೋ ಹಾಕಿದಾಗಲೆಲ್ಲ ಯಾರಾದರೂ ಒಬ್ಬರು ಇದನ್ನ ಕೇಳೇ ಕೇಳ್ತೀರಿ. ಇವತ್ತು ಅದಕ್ಕೆ ಒಬ್ಬರ ಕಥೆ ಹೇಳ್ತೀನಿ.

ಸುಧೀರ್ ಪಟವರ್ಧನ್. ಹುಟ್ಟಿದ್ದು 1949, ಪುಣೆಯಲ್ಲಿ. 1972ರಲ್ಲಿ ಅಲ್ಲೇ ಡಾಕ್ಟರ್ ಓದು ಮುಗಿಸಿ, ಮರುವರ್ಷ ಮುಂಬೈಗೆ ಬಂದರು. ಚಿತ್ರಕಲೆ ತಾವೇ ಕಲಿತದ್ದು. 1975ರಿಂದ ಮುಂಬೈ ಪಕ್ಕದ ಠಾಣೆ ಊರಿನಲ್ಲಿ ರೇಡಿಯಾಲಜಿಸ್ಟ್, ಅಂದರೆ ಎಕ್ಸ್‌ರೇ ನೋಡಿ ಕಾಯಿಲೆ ಹೇಳುವ ಡಾಕ್ಟರ್. ಮೂವತ್ತು ವರ್ಷ ಅದೇ ಕೆಲಸ, ಜೊತೆಗೇ ಚಿತ್ರ.

ರೇಡಿಯಾಲಜಿಸ್ಟ್! ನಾನು ಈ ಪದದ ಹತ್ತಿರವೇ ನಿಂತುಬಿಟ್ಟೆ.

[ತೆರೆಯ ಮೇಲೆ: ಬೆಳಕಿಗೆ ಹಿಡಿದ ಎದೆಯ ಎಕ್ಸ್‌ರೇ]

ಹಳೇ ಎಕ್ಸ್‌ರೇ ಫಿಲ್ಮ್ ನೆನಪಿದೆಯಾ? ದೊಡ್ಡ ಕಂದು ಕವರಿನಿಂದ ತೆಗೆದು, ಕಿಟಕಿಗೆ ಹಿಡಿದು ನೋಡ್ತಿದ್ವಲ್ಲ, ಅದು. ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ, ಮೂಳೆ ಬೆಳ್ಳಗೆ. ಬೆನ್ನ ಕಡೆಯ ಪಕ್ಕೆಲುಬು, ಎದೆ ಕಡೆಯ ಪಕ್ಕೆಲುಬು ಎಲ್ಲಾ ಒಂದರ ಮೇಲೊಂದು ಬಿದ್ದಿರ್ತವೆ. ಯಾವುದು ಹಿಂದೆ, ಯಾವುದು ಮುಂದೆ? ಡಾಕ್ಟರು ಮನಸ್ಸಿನಲ್ಲೇ ಬಿಡಿಸಿಕೊಳ್ಳಬೇಕು. ದಪ್ಪ, ಆಳ ಎಲ್ಲ ಇರುವ ಒಂದು ಮೈ ಅಲ್ಲಿ ಬರೀ ನೆರಳಾಗಿರುತ್ತೆ.

ಕ್ಯಾನ್ವಾಸ್ ಮುಂದೆ ನಿಂತವರ ಕಷ್ಟ ಇದರ ತಿರುವುಮುರುವು. ಚಪ್ಪಟೆ ಬಟ್ಟೆಯ ಮೇಲೆ ತೂಕವಿರುವ ಮೈ ಎಬ್ಬಿಸಬೇಕು. ದಿನವಿಡೀ ಮೈಯನ್ನ ನೆರಳು ಮಾಡಿ ನೋಡಿದವರು, ಮನೆಗೆ ಬಂದು ನೆರಳಿಗೆ ಮೈ ಕೊಡ್ತಿದ್ದರು ಅಂತ ನನಗನ್ನಿಸುತ್ತೆ. 1977ರ ‘ಇರಾನಿ ರೆಸ್ಟೋರೆಂಟ್’, 1980ರ ‘ಟ್ರೇನ್’ ಹುಡುಕಿ ನೋಡಿ. ಆ ಮನುಷ್ಯರಿಗೆ ಭಾರ ಇದೆ. ಕೂತವರು ನಿಜಕ್ಕೂ ಕೂತಿದ್ದಾರೆ.

ಇನ್ನೊಂದು ವಿಷಯ. ಎಡಪಂಥದ ವಿಚಾರಗಳು ಕಾಲೇಜಿನಿಂದಲೇ ಅವರನ್ನ ಸೆಳೆದಿದ್ದವು. ಅಂಥವರಿಗೆ ದುಡಿಯುವವರು ಬರೀ ಸಿದ್ಧಾಂತವಾಗಿ ಉಳಿದುಬಿಡೋ ಅಪಾಯ ಇರುತ್ತೆ. ಆದರೆ ಠಾಣೆ ಆಗ ಕಾರ್ಖಾನೆಗಳ ಊರು. ಅಂಗಿ ಬಿಚ್ಚಿ, “ಉಸಿರು ಎಳ್ಕೊಂಡು ಹಾಗೇ ಹಿಡ್ಕೊಳ್ಳಿ” ಅಂದ ತಕ್ಷಣ ಎದೆಯುಬ್ಬಿಸಿ ನಿಲ್ಲುವ ಒಬ್ಬ ಕಾರ್ಮಿಕನನ್ನ ಕಣ್ಣಮುಂದೆ ತಂದುಕೊಳ್ಳಿ. ಭುಜದ ಮೂಳೆ, ಕತ್ತಿನ ನರ, ಸೊಂಟದ ಬಾಗು ಎಲ್ಲಾ ಕೈಯಳತೆಯಲ್ಲಿ. ಯಾವ ಕಲಾಶಾಲೆ ಇಷ್ಟು ಜನರನ್ನ ಕರೆದು ಮುಂದೆ ನಿಲ್ಲಿಸುತ್ತೆ ಹೇಳಿ? ಮೇಲಾಗಿ, ಆಗ ಭಾರತದಲ್ಲಿ ಚಿತ್ರ ಕೊಳ್ಳುವವರೇ ಕಡಿಮೆ. ಅಡುಗೆಮನೆ ಖರ್ಚು ಕ್ಲಿನಿಕ್ಕಿನಿಂದ ನಡೆದರೆ, ಮಾರಾಟವಾಗುತ್ತಾ ಅಂತ ಯೋಚಿಸದೆ ರೈಲ್ವೆ ಸೇತುವೆ ಮೇಲಿನ ಜನಜಂಗುಳಿಯನ್ನ ಬರೀಬಹುದು. 1981ರಲ್ಲಿ ಬರೆದರು ಕೂಡ, ‘ಓವರ್‌ಬ್ರಿಡ್ಜ್’.

ಸಮಯ ಆಗ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡ್ತೀನಿ. ಮೊದಲ ಏಕವ್ಯಕ್ತಿ ಪ್ರದರ್ಶನ 1979ರಲ್ಲಿ, ದೆಹಲಿಯಲ್ಲಿ. ಏರ್ಪಡಿಸಿದ್ದು ರಂಗಭೂಮಿಯ ಇಬ್ರಾಹಿಂ ಅಲ್ಕಾಜಿ. 1981ರಲ್ಲಿ ‘ಪ್ಲೇಸ್ ಫಾರ್ ಪೀಪಲ್’ ಪ್ರದರ್ಶನ, ಭೂಪೇನ್ ಖಖ್ಖರ್, ನಳಿನಿ ಮಲಾನಿ, ಗುಲಾಂ ಮೊಹಮ್ಮದ್ ಶೇಖ್ ಅಂಥ ಕಲಾವಿದರ ಜೊತೆ. 1982ರ ಜನವರಿಯಲ್ಲಿ ಮುಂಬೈ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯ್ತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಆಮೇಲೆ ಗಿರಣಿಗಳು ಒಂದೊಂದೇ ಬಾಗಿಲು ಹಾಕಿದವು. ಗಿರಣಿಗಳಿದ್ದ ಲೋವರ್ ಪರೇಲ್ ಪ್ರದೇಶ ಬದಲಾದದ್ದನ್ನ 2001ರ ‘ಲೋವರ್ ಪರೇಲ್’ ಚಿತ್ರದಲ್ಲಿ ನೋಡಬಹುದು.

ಕ್ಲಿನಿಕ್ ಬಿಟ್ಟದ್ದು 2005ರಲ್ಲಿ. ‘ಪ್ಲೇಸ್ ಫಾರ್ ಪೀಪಲ್’ ಮುಂಬೈಯಲ್ಲಿ ನಡೆದದ್ದು ಕಾಳಾ ಘೋಡಾದ ಜಹಾಂಗೀರ್ ಗ್ಯಾಲರಿಯಲ್ಲಿ. ಮೂವತ್ತೆಂಟು ವರ್ಷ ಕಳೆದು, 2019ರಲ್ಲಿ, ಅವರ ಇಡೀ ಬದುಕಿನ ಚಿತ್ರಗಳ ಪ್ರದರ್ಶನ ಮುಂಬೈಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಆಯ್ತು. ಜಹಾಂಗೀರ್‌ನಿಂದ ಅಲ್ಲಿಗೆ ನಾಲ್ಕು ಹೆಜ್ಜೆ, ರಸ್ತೆ ದಾಟಿದರೆ ಸಾಕು.