ಕಣ್ಣಿನ ಚಿತ್ರದ ಪಕ್ಕದ ಅಂಕಿ

ಕೇಳುಗರಿಗೆ ನಮಸ್ಕಾರ.

ಪುಸ್ತಕ ಬರೆದವನಿಗೆ ಒಂದು ಭ್ರಮೆ ಇರುತ್ತದೆ. ಕೊನೆಯ ಸಾಲು ಬರೆದೆ, ಕರಡು ತಿದ್ದಿಕೊಟ್ಟೆ, ಇನ್ನು ನನ್ನ ಕೆಲಸ ಮುಗಿಯಿತು ಅಂತ. ನನಗೂ ಇತ್ತು. ಪುಸ್ತಕ ಹೊರಬಂದ ಎರಡನೇ ವಾರ ಪ್ರಕಾಶಕರು ಫೋನ್ ಮಾಡಿದರು. ಹಸ್ತಪ್ರತಿ ಕೊಟ್ಟು ಹನ್ನೊಂದು ತಿಂಗಳಾಗಿತ್ತು. ಅಷ್ಟು ದಿನದಲ್ಲಿ ಅವರಾಗಿಯೇ ಮಾಡಿದ ಮೊದಲ ಫೋನ್ ಅದು. "ಸಾರ್, ವಾರಕ್ಕೊಂದು ಲೈವ್ ಮಾಡಿ. ಈಗ ಪುಸ್ತಕ ಹೋಗೋದೇ ಲೈವ್‌ನಿಂದ" ಅಂದರು. ಇದುವರೆಗೆ ಎಷ್ಟು ಪ್ರತಿ ಹೋಗಿದೆ ಅಂತ ಕೇಳಿದೆ. "ಹೋಗ್ತಾ ಇದೆ ಸಾರ್" ಅಂದರು.

ಎಷ್ಟು ಅಂದರೆ ಹೋಗ್ತಾ ಇದೆ. ಇದು ಉತ್ತರವಾ? ಬಸ್ಸು ಎಲ್ಲಿದೆ ಅಂತ ಕೇಳಿದರೆ ಬರ್ತಾ ಇದೆ ಅಂದ ಹಾಗೆ.

ಪುಸ್ತಕ ಮಾರಾಟವಾಗದಿದ್ದರೆ ನನಗೆ ಸಿಟ್ಟಿಲ್ಲ. ಓದುವವರನ್ನು ಕತ್ತು ಹಿಡಿದು ಕೂರಿಸೋಕೆ ಆಗುತ್ತದಾ? ಸಿಟ್ಟು ಬರುವುದು ಲೆಕ್ಕ ಸಿಗದೆ ಇದ್ದಾಗ. ನೂರು ಹೋಗಿದೆಯೋ, ನಾನೂರು ಹೋಗಿದೆಯೋ, ಗೋದಾಮಿನಲ್ಲಿ ಕಟ್ಟು ಬಿಚ್ಚದೆ ಕೂತಿದೆಯೋ, ಬರೆದವನಿಗೇ ಗೊತ್ತಿಲ್ಲ.

ನನ್ನ ಒಪ್ಪಂದ ಪತ್ರದಲ್ಲಿ ರಾಯಲ್ಟಿ, ಅಂದರೆ ಬರೆದವನ ಪಾಲು, ನೂರಕ್ಕೆ ಹತ್ತು ಅಂತ ಇತ್ತು. ಖುಷಿಯಾಗಿ ಸಹಿ ಹಾಕಿದೆ. ಆ ಹತ್ತು ಯಾವುದರ ಮೇಲೆ ಅಂತ ನೋಡಿರಲಿಲ್ಲ. ಮುಖಬೆಲೆಯ ಮೇಲೆ ಹತ್ತು ಅಂದರೆ ಒಂದು ಲೆಕ್ಕ. ಪ್ರಕಾಶಕರ ಕೈಗೆ ಬಂದ ಹಣದ ಮೇಲೆ ಹತ್ತು ಅಂದರೆ ಇನ್ನೊಂದು. ಮುಖಬೆಲೆ ನೂರು ಅಂತ ಇಟ್ಟುಕೊಳ್ಳಿ. ಮಾರುವವರಿಗೆ ನಲವತ್ತು ರಿಯಾಯಿತಿ ಹೋಯಿತು. ಉಳಿದದ್ದು ಅರವತ್ತು. ಅದರಲ್ಲಿ ಹತ್ತನೇ ಒಂದು ಭಾಗ, ಆರು. ಹತ್ತು ಅಂದುಕೊಂಡು ಸಹಿ ಹಾಕಿದವನಿಗೆ ಆರು ಬರುತ್ತದೆ. ಅದೂ ಬಂದರೆ.

ಬಂದರೆ ಅಂತ ಸುಮ್ನೆ ಹೇಳಲಿಲ್ಲ. ಅಂಗಡಿಗೆ ಹೋದ ಪುಸ್ತಕ ಮಾರಾಟವಾದ ಪುಸ್ತಕವಲ್ಲ. ಮಾರಾಟವಾಗದಿದ್ದರೆ ವಾಪಸ್ ಕೊಡುವ ಕರಾರು ಈ ವ್ಯಾಪಾರದಲ್ಲಿ ಎಷ್ಟೋ ಕಡೆ ಇದೆ. ಇವತ್ತು ಮಾರಾಟದ ಲೆಕ್ಕಕ್ಕೆ ಸೇರಿದ ಪ್ರತಿ ಆರು ತಿಂಗಳ ಮೇಲೆ ಮೂಲೆ ಮಡಚಿಕೊಂಡು ಗೋದಾಮಿಗೆ ಮರಳುತ್ತದೆ. ಹಾಗೆ ಮರಳಬಹುದು ಅಂತಲೇ ಬರೆದವನ ಹಣದಲ್ಲಿ ಸ್ವಲ್ಪ ಹಿಡಿದಿಟ್ಟುಕೊಳ್ಳುವ ಪ್ರಕಾಶಕರೂ ಇದ್ದಾರೆ. ಅವರ ಕಷ್ಟ ಅವರಿಗೆ. ಕಾಗದ, ಅಚ್ಚು, ಬೈಂಡಿಂಗ್, ಸಾಗಣೆ, ಎಲ್ಲಕ್ಕೂ ಮೊದಲು ಕೈಯಿಂದ ಹಾಕುವವರು ಅವರೇ. ಆದರೆ ಹಿಡಿದಿಟ್ಟದ್ದು ಎಷ್ಟು, ಯಾಕೆ ಅಂತ ಒಂದು ಹಾಳೆಯಲ್ಲಿ ಬರೆದು ಕಳಿಸಲು ಎಷ್ಟು ಹೊತ್ತು ಬೇಕು?

ಇನ್ನೊಂದು ಸಂಗತಿ ನನಗೆ ತಡವಾಗಿ ತಿಳಿಯಿತು. ಪುಸ್ತಕದ ಪ್ರತಿ ಮುಗಿದು, ಪ್ರಕಾಶಕರು ಮತ್ತೆ ಅಚ್ಚು ಹಾಕದಿದ್ದರೆ ಹಕ್ಕು ಬರೆದವನಿಗೆ ಮರಳಬೇಕು ಅಂತ ಎಷ್ಟೋ ಒಪ್ಪಂದಗಳಲ್ಲಿ ಒಂದು ಸಾಲು ಇರುತ್ತದೆ. ಒಳ್ಳೆಯ ಸಾಲು. ಆದರೆ ಈಗ ಕೇಳಿದಾಗ ಒಂದೇ ಪ್ರತಿ ಅಚ್ಚು ಹಾಕಿ ಕೊಡುವ ಯಂತ್ರಗಳಿವೆ. ವರ್ಷಕ್ಕೆ ಎರಡು ಪ್ರತಿ ಹೋದರೂ ಪುಸ್ತಕ ಅಚ್ಚಿನಲ್ಲಿದೆ ಅಂತಲೇ ಲೆಕ್ಕ. ಅವರೂ ಮಾರುವುದಿಲ್ಲ, ನಮಗೂ ಬಿಟ್ಟುಕೊಡುವುದಿಲ್ಲ. ವರ್ಷಕ್ಕೆ ಇಷ್ಟು ಪ್ರತಿಗಿಂತ ಕಡಿಮೆ ಹೋದರೆ ಹಕ್ಕು ವಾಪಸ್ ಅಂತ ಅಂಕಿ ಹಾಕಿಸಿಕೊಳ್ಳದೆ ಸಹಿ ಮಾಡಬೇಡಿ. ನಾನು ಮಾಡಿದ್ದೆ.

ಇರಲಿ, ಲೈವ್‌ಗೆ ಬರೋಣ.

2016ರಲ್ಲಿ ಫೇಸ್‌ಬುಕ್ ಎಲ್ಲರಿಗೂ ಲೈವ್ ಬಿಟ್ಟುಕೊಟ್ಟಾಗ ನಾವು ಬರೆಯುವವರು ಅದರ ಕಡೆ ನೋಡಿರಲಿಲ್ಲ. 2020ರಲ್ಲಿ ಬಾಗಿಲು ಹಾಕಿಕೊಂಡು ಕೂರಬೇಕಾಯಿತಲ್ಲ, ಆಗ ಪುಸ್ತಕ ಬಿಡುಗಡೆಗಳೆಲ್ಲ ಪರದೆಗೆ ಬಂದವು. ಕಾಯಿಲೆ ಹೋಯಿತು, ಲೈವ್ ಉಳಿಯಿತು. ಸಭಾಂಗಣದ ಬಾಡಿಗೆ ಇಲ್ಲ, ಕುರ್ಚಿ ಇಲ್ಲ, ಖರ್ಚೇ ಇಲ್ಲ. ಖರ್ಚಿಲ್ಲ ಅಂದರೆ ಪ್ರಕಾಶಕರಿಗಿಲ್ಲ ಅಂತ ಅರ್ಥ. ಫೋನು ನನ್ನದು, ದೀಪ ನನ್ನದು, ಇಂಟರ್ನೆಟ್ ನನ್ನದು, ಮುಖವೂ ನನ್ನದೇ.

ಮೊದಲ ಸಲ ಪುಸ್ತಕ ಎತ್ತಿ ಹಿಡಿದೆ. ಪರದೆಯಲ್ಲಿ ಹೆಸರು ಉಲ್ಟಾ ಕಾಣಿಸಿತು, ಕನ್ನಡಿಯಲ್ಲಿ ಕಂಡ ಹಾಗೆ. ಗಾಬರಿಯಾಗಿ ಮಾತಿನ ಮಧ್ಯೆಯೇ ಸೆಟ್ಟಿಂಗ್ ಹುಡುಕಿ ಬದಲಾಯಿಸಿದೆ. ಆಮೇಲೆ ಗೊತ್ತಾಯಿತು, ಆ ಆ್ಯಪ್‌ನಲ್ಲಿ ಮುಂದಿನ ಕ್ಯಾಮೆರಾ ನಮಗೆ ಮಾತ್ರ ಉಲ್ಟಾ ತೋರಿಸುತ್ತದೆ, ನೋಡುವವರಿಗೆ ಸರಿಯಾಗಿಯೇ ಕಾಣುತ್ತಿತ್ತು. ನಾನು ಕಷ್ಟಪಟ್ಟು ಅವರಿಗೂ ಉಲ್ಟಾ ಮಾಡಿಟ್ಟಿದ್ದೆ.

ಎರಡನೇ ಸಲ ಇನ್ನೊಂದು ಆ್ಯಪ್. ಹಿಂದಿನ ಗೋಡೆ ಚೆನ್ನಾಗಿರಲಿಲ್ಲ, ಮಸುಕು ಮಾಡುವ ಗುಂಡಿ ಒತ್ತಿದೆ. ಈ ಸಾಫ್ಟ್‌ವೇರ್‌ಗೆ ಮನುಷ್ಯನ ಆಕಾರ ಗೊತ್ತು, ಪುಸ್ತಕದ ಆಕಾರ ಗೊತ್ತಿಲ್ಲ. ಮನುಷ್ಯನಲ್ಲದ್ದೆಲ್ಲ ಅದಕ್ಕೆ ಗೋಡೆ. ಮುಖಪುಟ ಎದೆಯ ಮುಂದೆ ಹಿಡಿದರೆ ಅರ್ಧ ಕಾಣಿಸಿ ಕರಗುತ್ತಿತ್ತು. ನನ್ನ ಹತ್ತು ಬೆರಳೂ ಸ್ಪಷ್ಟವಾಗಿದ್ದವು. ಗಾಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡು "ಇದೇ ನನ್ನ ಹೊಸ ಪುಸ್ತಕ" ಅನ್ನುತ್ತಿದ್ದೆ. ನಾಲ್ಕು ವರ್ಷ ಬರೆದದ್ದು ಅದು.

ತಾಂತ್ರಿಕ ತೊಂದರೆಗಳು ಅಭ್ಯಾಸವಾಗುತ್ತವೆ. ಅಭ್ಯಾಸವಾಗದ್ದು ಪರದೆಯ ಮೇಲ್ಮೂಲೆಯ ಆ ಅಂಕಿ. ಕಣ್ಣಿನ ಚಿತ್ರ, ಪಕ್ಕದಲ್ಲಿ ಒಂದು ಸಂಖ್ಯೆ. ಈ ಕ್ಷಣ ಎಷ್ಟು ಜನ ನೋಡುತ್ತಿದ್ದಾರೆ ಅಂತ. 23. ಒಂದು ಪ್ಯಾರಾ ಓದುವಷ್ಟರಲ್ಲಿ 19. ನೀರು ಕುಡಿದರೆ 16. ಸಭೆಯಲ್ಲಿ ಒಬ್ಬರು ಎದ್ದು ಹೋದರೆ ಮುಜುಗರಪಟ್ಟು, ಬಗ್ಗಿಕೊಂಡು ಹೋಗುತ್ತಾರೆ. ಇಲ್ಲಿ ಸದ್ದೇ ಇಲ್ಲ, ಅಂಕಿ ಕಡಿಮೆಯಾಗುತ್ತದೆ ಅಷ್ಟೇ. ಆ 16ರಲ್ಲಿ ಒಂದು ನನ್ನದೇ ಇನ್ನೊಂದು ಫೋನು. ದನಿ ಸರಿಯಾಗಿ ಹೋಗುತ್ತಿದೆಯಾ ಅಂತ ನೋಡಲು ಪಕ್ಕದಲ್ಲಿ ಇಟ್ಟುಕೊಂಡದ್ದು.

ನೋಡಿ, ಪ್ರಕಾಶಕರು ವರ್ಷವಾದರೂ ಒಂದು ಅಂಕಿ ಹೇಳುವುದಿಲ್ಲ. ಈ ಯಂತ್ರ ಕ್ಷಣಕ್ಕೊಂದು ಅಂಕಿ ಹೇಳುತ್ತದೆ. ನನಗೆ ಬೇಕಾದದ್ದು ಮೊದಲನೆಯದು.

ಮಾತು ತಲುಪುವುದೂ ತಡ. ನಾನು ಹೇಳಿದ್ದು ನೋಡುವವರಿಗೆ ಕೇಳಿಸಲು ಎಷ್ಟೋ ಸಲ ಹತ್ತಿಪ್ಪತ್ತು ಸೆಕೆಂಡು ಹಿಡಿಯುತ್ತದೆ. "ಏನಾದರೂ ಪ್ರಶ್ನೆ ಇದೆಯಾ?" ಅಂತ ಕೇಳಿ ಕಾಯುತ್ತೇನೆ. ಮೌನ. ನನ್ನ ಮುಖವನ್ನು ನಾನೇ ನೋಡಿಕೊಂಡು ನಗುತ್ತಿರಬೇಕು. ಇನ್ನೇನು ಮುಗಿಸೋಣ ಅನ್ನುವಾಗ ಒಂದು ಹೂವು ಬರುತ್ತದೆ, ಎರಡು ಕೈಮುಗಿತ, "ಅಭಿನಂದನೆಗಳು", "ಪುಸ್ತಕ ಎಲ್ಲಿ ಸಿಗುತ್ತೆ?" ಕೊಂಡಿ ಹಾಕುತ್ತೇನೆ. ಒತ್ತಿದರೆ "ಸದ್ಯಕ್ಕೆ ಲಭ್ಯವಿಲ್ಲ" ಅಂತ ತೋರಿಸುತ್ತದೆ. ಲೈವ್ ಇದೆ ಅಂತ ಪ್ರಕಾಶಕರಿಗೆ ಎಂಟು ದಿನ ಮೊದಲೇ ತಿಳಿಸಿದ್ದೆ. ಅಂಗಡಿಗೆ ಪ್ರತಿ ಕಳಿಸುವುದು ಮರೆತಿದ್ದರಂತೆ.

ಮರುದಿನ ಅವರೇ ಖುಷಿಯಿಂದ ಹೇಳಿದರು, "ಸಾರ್, ಎಂಟುನೂರು ವ್ಯೂಸ್!" ಫೇಸ್‌ಬುಕ್ ಬಹಳ ಕಾಲ ಮೂರು ಸೆಕೆಂಡು ನೋಡಿದರೂ ಒಂದು ವೀಕ್ಷಣೆ ಅಂತ ಎಣಿಸುತ್ತಿತ್ತು. ಬೆರಳು ಜಾರಿಸುವಾಗ ನನ್ನ ಮುಖದ ಮೇಲೆ ಮೂರು ಸೆಕೆಂಡು ನಿಂತವರೆಲ್ಲ ಅದರಲ್ಲಿದ್ದರು. ಈ ಲೆಕ್ಕ ಮಾತ್ರ ಅವರ ನಾಲಿಗೆಯ ತುದಿಯಲ್ಲೇ ಇತ್ತು.

ಬರೆದವನು ತನ್ನ ಪುಸ್ತಕವನ್ನು ತಾನೇ ಓದಿ ಜನ ಸೇರಿಸುವುದು ಹೊಸದೇನಲ್ಲ. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1858ರಿಂದ ದುಡ್ಡಿಗಾಗಿ ಊರೂರು ತಿರುಗಿ ಓದುತ್ತಿದ್ದ. 1867ರ ಕೊನೆಗೆ ಅಮೆರಿಕಕ್ಕೇ ಹೋದ. ಚಳಿಯಲ್ಲಿ ಸಾಲು ನಿಂತು ಜನ ಟಿಕೆಟ್ ಕೊಂಡರು. ಆರೋಗ್ಯ ಕೆಟ್ಟಿತು ನಿಜ, ಆದರೆ ಓದಿದ್ದಕ್ಕೇ ಹಣ ಬಂತು. ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಮತ್ತು ಅವಳ ಗಂಡ 1917ರಲ್ಲಿ ಕೈಯಚ್ಚಿನ ಯಂತ್ರ ತಂದು ಮನೆಯಲ್ಲಿಟ್ಟುಕೊಂಡು ತಾವೇ ಪ್ರಕಾಶಕರಾದರು. ನಮ್ಮದು ಎರಡೂ ಅಲ್ಲ. ದುಡಿಮೆ ಮಾತ್ರ ನಮ್ಮ ಕಡೆಗೆ ಬಂತು, ಗಲ್ಲಾಪೆಟ್ಟಿಗೆ ಇದ್ದಲ್ಲೇ ಇದೆ.

ಆರನೇ ಲೈವ್‌ನಲ್ಲಿ ಒಂದು ಘಟನೆ ನಡೆಯಿತು. ಹೂವು, ಕೈಮುಗಿತಗಳ ನಡುವೆ ಒಂದು ಸಾಲು ಬಂತು: "ಸಾರ್, 96ನೇ ಪುಟ ಆದಮೇಲೆ ಮತ್ತೆ 81 ಬರ್ತಿದೆ. ಮುಂದಿನ ಕಥೆ ಎಲ್ಲಿ?"

ಓದುತ್ತಿದ್ದದ್ದು ನಿಲ್ಲಿಸಿದೆ. ಪುಸ್ತಕ ಅಚ್ಚಾಗುವುದು ಬಿಡಿ ಪುಟವಾಗಿ ಅಲ್ಲ. ದೊಡ್ಡ ಹಾಳೆಯ ಒಂದು ಬದಿಗೆ ಎಂಟು ಪುಟ, ಇನ್ನೊಂದು ಬದಿಗೆ ಎಂಟು. ಮಡಚಿದರೆ 16 ಪುಟದ ಒಂದು ಫಾರಂ. ಬೈಂಡಿಂಗ್ ಮಾಡುವಾಗ ಅವರ ಪ್ರತಿಯಲ್ಲಿ 81ರಿಂದ 96ರ ಫಾರಂ ಎರಡು ಸಲ ಸೇರಿತ್ತು. 97ರಿಂದ 112 ಇರಲೇ ಇಲ್ಲ. ಪ್ರತಿ ಕೆಟ್ಟಿದೆ ಅಂತ ನನಗೆ ಬೇಸರವಾಗಬೇಕಿತ್ತು. ಆಗಲಿಲ್ಲ. ಯಾರೋ 96ನೇ ಪುಟದವರೆಗೆ ಓದಿದ್ದಾರೆ! ಅಷ್ಟೂ ಲೈವ್‌ಗಳಲ್ಲಿ ಪುಸ್ತಕದ ಒಳಗಿನಿಂದ ಬಂದ ಮೊದಲ ಮಾತು ಅದು.

ಪ್ರಕಾಶಕರಿಗೆ ಹೇಳಿದೆ. ಬೇರೆ ಪ್ರತಿ ಕಳಿಸೋಣ ಸಾರ್ ಅಂದರು. ಯಾವಾಗ ಅಂತ ಕೇಳಲಿಲ್ಲ, ಉತ್ತರ ಗೊತ್ತಿತ್ತು. "ನಾಳೆ ಸಂಜೆ ಏಳಕ್ಕೆ ಇಲ್ಲೇ ಬನ್ನಿ, ಆ ಹದಿನಾರು ಪುಟ ಓದ್ತೀನಿ" ಅಂತ ಆ ಓದುಗರಿಗೆ ಬರೆದೆ.

ಮರುದಿನ ಬೇರೆ ಯಾರಿಗೂ ಹೇಳದೆ ಲೈವ್ ಶುರು ಮಾಡಿದೆ. ಗೋಡೆ ಮಸುಕು ಮಾಡಲಿಲ್ಲ, ಮುಖಪುಟ ತೋರಿಸಲಿಲ್ಲ. ಅಂಕಿ 1 ಅಂತಿತ್ತು, ನನ್ನ ಫೋನು. ಸ್ವಲ್ಪ ಹೊತ್ತಿಗೆ 2 ಆಯಿತು. "ಬಂದೆ ಸಾರ್, ಶುರು ಮಾಡಿ" ಅಂತ ಬಂತು. 97ರಿಂದ ಓದಿದೆ. 104ರಲ್ಲಿ ಒಂದು ಅಚ್ಚಿನ ತಪ್ಪು ಸಿಕ್ಕಿತು, ಬಾಯಲ್ಲೇ ತಿದ್ದಿಕೊಂಡು ಮುಂದೆ ಹೋದೆ. ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ನೀರು ಕುಡಿದೆ, ಅಂಕಿ ಕದಲಲಿಲ್ಲ.

112ನೇ ಪುಟ ಮುಗಿಸಿ ತಲೆ ಎತ್ತಿದೆ. ಹತ್ತಿಪ್ಪತ್ತು ಸೆಕೆಂಡು ಮೌನ. ಆಮೇಲೆ ಬಂತು: "ಇದರ ಮುಂದಿನದು ನನ್ನ ಹತ್ತಿರ ಇದೆ ಸಾರ್. ಥ್ಯಾಂಕ್ಸ್." ಅಂಕಿ ಒಂದಕ್ಕೆ ಇಳಿಯಿತು. ನಾನೂ ದೀಪ ಆರಿಸಿದೆ.

ನಮಸ್ಕಾರ.